ಡ್ರಿಪ್ಪರಿನ ಸುಣ್ಣ ಕರಗಿಸಲು ನಾನು ಆಮ್ಲ ಆರಿಸಿದ ಬಗೆ

ಕೋಲಾರ ತಾಲ್ಲೂಕಿನ ನಮ್ಮ ಟೊಮೆಟೊ ತೋಟದಲ್ಲಿ ಗಿಡದ ಬುಡಕ್ಕೆ ಹನಿಹನಿಯಾಗಿ ನೀರು ಬಿಡುವ ಡ್ರಿಪ್ಪರುಗಳು ಸಾಲುಸಾಲಾಗಿ ಕಟ್ಟಿಕೊಂಡಾಗ ಒಂದನ್ನು ಸೀಳಿ ನೋಡಿದೆ. ನೀರು ಸುತ್ತಿ ಬರುವ ಕಿರಿದಾದ ಹಾದಿಯ ತುಂಬ ಬಿಳಿಯ ಸುಣ್ಣ ಗಟ್ಟಿಯಾಗಿ ಕೂತಿತ್ತು. ಕೊಳವೆಬಾವಿಯ ಗಡಸು ನೀರು ಬಿಟ್ಟುಹೋದ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಆಮ್ಲದ ಹನಿ ಬಿದ್ದೊಡನೆ ನೊರೆಯೆದ್ದು ಕರಗಿತು.

ಬೆಳೆಗೆ ರಂಜಕವೂ ಸಿಗಲಿ ಎಂದು ಮೊದಲು ಫಾಸ್ಫರಿಕ್ ಆಮ್ಲವನ್ನು ಆರಿಸಿದೆ. ಬೇರು ಸುಟ್ಟೀತೆಂಬ ಭಯದಿಂದ ತೀರ ಕಡಿಮೆ ಬೆರೆಸಿದ್ದರಿಂದ, ಕೆಲವೇ ದಿನಗಳಲ್ಲಿ ಮೊದಲಿಗಿಂತ ಹೆಚ್ಚು ಡ್ರಿಪ್ಪರುಗಳು ಕಟ್ಟಿದವು. ಅಣುವಿನ ರಚನೆಯನ್ನು ಕಾಗದದ ಮೇಲೆ ಬರೆದು ನೋಡಿದಾಗ ಕಾರಣ ತಿಳಿಯಿತು. ರಂಜಕದ ಸುತ್ತಲಿನ ನಾಲ್ಕು ಆಮ್ಲಜನಕಗಳಲ್ಲಿ ಮೂರಕ್ಕೆ ಒಂದೊಂದು ಜಲಜನಕ ಅಂಟಿಕೊಂಡಿರುತ್ತದೆ, ಆದರೆ ಆ ಮೂರೂ ಒಟ್ಟಿಗೆ ಕಳಚುವುದಿಲ್ಲ. ಪಿ.ಎಚ್. (ನೀರಿನ ಆಮ್ಲೀಯತೆಯ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು) 4ರ ಹತ್ತಿರ ಒಂದು ಮಾತ್ರ ಕಳಚಿರುವುದರಿಂದ ಆಗ ಉಂಟಾಗುವ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಕರಗಿರುತ್ತದೆ, ಪಿ.ಎಚ್. 7ರ ಆಸುಪಾಸಿನಲ್ಲಿ ಎರಡನೆಯದೂ ಕಳಚತೊಡಗಿ, ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಗಸಿಯಾಗಿ ಕೂರುತ್ತದೆ. ನಾನು ಹಾಕಿದ ಅಲ್ಪ ಆಮ್ಲ ಪಿ.ಎಚ್. ಅನ್ನು 4ಕ್ಕೆ ಇಳಿಸಿರಲಿಲ್ಲ; ಸುಣ್ಣ ತೆಗೆಯಲು ಹೋಗಿ ನಾನೇ ಪೈಪಿನೊಳಗೆ ಇನ್ನೊಂದು ಗಸಿಯನ್ನು ಸೇರಿಸಿದ್ದೆ.

ಆಮೇಲೆ ನೈಟ್ರಿಕ್ ಆಮ್ಲಕ್ಕೆ ಬದಲಾಯಿಸಿದೆ. ಇದರಲ್ಲಿ ಜಲಜನಕ ಒಂದೇ ಇದ್ದು, ಜಲಜನಕವಿಲ್ಲದ ಎರಡು ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆಯುವುದರಿಂದ ಅದು ಸುಲಭವಾಗಿ ಕಳಚುತ್ತದೆ. ಫಾಸ್ಫರಿಕ್‌ನಲ್ಲಿ ಅಂಥ ಆಮ್ಲಜನಕ ಒಂದೇ. (ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ‘ಆಮ್ಲಜನಕ’ ಎಂಬ ಹೆಸರು ಫ್ರೆಂಚ್ ರಸಾಯನ ವಿಜ್ಞಾನಿ ಲಾವೋಸಿಯೇಯ ತಪ್ಪು ನಂಬಿಕೆಯಿಂದ ಬಂದದ್ದು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ.) ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗುತ್ತದೆ, ಬೆಳೆಗೆ ಸಾರಜನಕವೂ ದೊರೆಯುತ್ತದೆ.

ಈ ಸಲ ಅಳೆದೇ ಹಾಕಿದೆ. ಕನ್ನಡಕ, ರಬ್ಬರ್ ಕೈಗವಸು ಧರಿಸಿ, 90 ಮಿ.ಲೀ. ನೀರಿಗೆ 10 ಮಿ.ಲೀ. ಗಾಢ ಆಮ್ಲವನ್ನು ನಿಧಾನವಾಗಿ ಬೆರೆಸಿದೆ. ಆಮ್ಲಕ್ಕೆ ನೀರು ಸುರಿಯಲೇಬಾರದು. ಒಂದು ಲೀಟರ್ ಬಾವಿ ನೀರಿಗೆ ಆ ದ್ರಾವಣವನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಪಿ.ಎಚ್. ಕಾಗದದಲ್ಲಿ ನೋಡಿದಾಗ, ಸುಮಾರು 4 ಮಿ.ಲೀ.ಗೆ ಬಣ್ಣ 4ಕ್ಕೆ ಬಂದಿತು. ಅಂದರೆ ನಮ್ಮ ನೀರಿಗೆ ಸಾವಿರ ಲೀಟರಿಗೆ 400 ಮಿ.ಲೀ. ಗಾಢ ಆಮ್ಲ ಬೇಕು. ಪಕ್ಕದ ತೋಟದ ಬಾವಿಗೆ ಈ ಲೆಕ್ಕ ಹೊಂದಲಾರದು. ಸಂಜೆ ಅದನ್ನು ನೀರಿನಲ್ಲಿ ತೆಳುಗೊಳಿಸಿ ಪೈಪಿನ ನೀರಿಗೆ ದ್ರಾವಣವನ್ನು ಎಳೆದು ಸೇರಿಸುವ ಪ್ಲಾಸ್ಟಿಕ್ ವೆಂಚುರಿಯ ಮೂಲಕ ಬಿಟ್ಟು, ಕೊನೆಯ ಡ್ರಿಪ್ಪರಿನ ನೀರಿನಲ್ಲೂ ಕಾಗದ 4 ತೋರಿಸಿದ ಮೇಲೆ ಮೋಟಾರ್ ನಿಲ್ಲಿಸಿದೆ. ಬೆಳಿಗ್ಗೆ ಲ್ಯಾಟರಲ್‌ಗಳ (ಡ್ರಿಪ್ಪರುಗಳಿರುವ ಸಾಲುಪೈಪುಗಳ) ತುದಿ ಬಿಚ್ಚಿದಾಗ ಮೊದಲು ಹಾಲಿನಂಥ ನೀರು, ಆಮೇಲೆ ತಿಳಿನೀರು ಬಂದಿತು.

ಪಾಚಿಗೆ ಬ್ಲೀಚಿಂಗ್ ಪುಡಿಯ ನೀರನ್ನು ಬೇರೆ ದಿನವೇ, ಪೈಪನ್ನು ಚೆನ್ನಾಗಿ ತೊಳೆದ ನಂತರ ಬಿಡುತ್ತೇನೆ. ಆಮ್ಲದೊಡನೆ ಅದು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.