ಕ್ಷುದ್ರಗ್ರಹದ ಹೆಸರು, ನಂಬರು ಓದುವುದು ಹೇಗೆ

ಯಾವುದಾದರೂ ಕ್ಷುದ್ರಗ್ರಹದ ಮಾಹಿತಿ ತೆಗೆದರೆ ಒಂದು ನಂಬರ್, ಒಂದು ಹೆಸರು, ಪಕ್ಕದಲ್ಲಿ ಅರ್ಥವಾಗದ ಒಂದೆರಡು ಅಕ್ಷರ ಇರುತ್ತವೆ. ಸುಮ್ನೆ ದಾಟಿ ಹೋಗಬೇಡಿ, ಅದರ ಜಾತಕವೇ ಅಲ್ಲಿದೆ. 2867 ಸ್ಟೈನ್ಸ್ ತೆಗೆದುಕೊಳ್ಳೋಣ. ಮಂಗಳ, ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿ ಸುತ್ತುವ, ಸುಮಾರು 5 ಕಿ.ಮೀ. ಅಗಲದ ಕಲ್ಲು ಅದು.

ಮೊದಲು ಅದರ ತಾತ್ಕಾಲಿಕ ಹೆಸರು ನೋಡಿ: 1969 ವಿಸಿ. ಇಸವಿ ಗೊತ್ತಾಯಿತು. ಮುಂದಿನ ಅಕ್ಷರ ಅರ್ಧ ತಿಂಗಳ ಲೆಕ್ಕ. ಜನವರಿ 1ರಿಂದ 15ರವರೆಗೆ ಎ, 16ರಿಂದ 31ರವರೆಗೆ ಬಿ, ಹೀಗೇ ಇಂಗ್ಲಿಷ್ ಅಕ್ಷರ ಎಣಿಸುತ್ತಾ ಹೋಗಿ, ಆದರೆ ಐ ಬಿಟ್ಟುಬಿಡಿ, ಅದನ್ನು ಬಳಸುವುದಿಲ್ಲ. ಜಾಸ್ತಿ ಜನ ತಪ್ಪುವುದು ಇಲ್ಲೇ ಅನ್ನಿಸುತ್ತೆ. ವಿ ಬಂದರೆ ನವೆಂಬರ್ 1ರಿಂದ 15. ಎರಡನೇ ಅಕ್ಷರ, ಆ ಹದಿನೈದು ದಿನದಲ್ಲಿ ಇದು ಎಷ್ಟನೆಯದು ಅಂತ ಹೇಳುತ್ತದೆ. ಸಿ ಅಂದರೆ ಮೂರನೆಯದು. ನಿಕೊಲಾಯ್ ಚೆರ್ನಿಖ್ ಕ್ರಿಮಿಯಾದ ವೀಕ್ಷಣಾಲಯದಲ್ಲಿ ಇದನ್ನು ಕಂಡಿದ್ದು 1969ರ ನವೆಂಬರ್ 4ರಂದು. ಲೆಕ್ಕ ಸರಿಹೋಯಿತು ಅಲ್ವಾ?

ಐ ಬಿಟ್ಟರೆ ಉಳಿಯುವುದು 25 ಅಕ್ಷರ. ಅವು ಮುಗಿದ ಮೇಲೆ ಮತ್ತೆ ಎ ಯಿಂದ ಶುರು, ಎಷ್ಟು ಸುತ್ತು ಮುಗಿಯಿತು ಅನ್ನುವ ಅಂಕಿ ಕೊನೆಗೆ ಸೇರುತ್ತದೆ. ಇಟೊಕಾವಾದ ಮೊದಲ ಹೆಸರು 1998 ಎಸ್‌ಎಫ್36. ಅದು ಈ ಪಟ್ಟಿಯದ್ದಲ್ಲ, ಭೂಮಿಗೆ ಹತ್ತಿರ ಬರುವ ಕಲ್ಲು, ಆದರೆ ಲೆಕ್ಕ ಒಂದೇ. 36ನ್ನು 25ರಿಂದ ಗುಣಿಸಿದರೆ 900, ಎಫ್‌ಗೆ ಆರು ಸೇರಿಸಿ. ಆ ಅರ್ಧ ತಿಂಗಳಲ್ಲಿ ಅದು 906ನೆಯದು!

ಈಗ ಕಕ್ಷೆ. ಸ್ಟೈನ್ಸ್ ಸೂರ್ಯನಿಂದ ಸರಾಸರಿ 2.36 ಖಗೋಳಮಾನ ದೂರದಲ್ಲಿದೆ, ಅಂದರೆ ಭೂಮಿ ಇರುವ ದೂರದ 2.36 ಪಟ್ಟು. ಕ್ಯಾಲ್ಕುಲೇಟರ್‌ನಲ್ಲಿ 2.36 × 2.36 × 2.36 ಮಾಡಿ, ಬಂದದ್ದರ ವರ್ಗಮೂಲ ತೆಗೆಯಿರಿ. 3.63 ಬರುತ್ತದೆ. ಒಂದು ಸುತ್ತಿಗೆ ಅಷ್ಟು ವರ್ಷ. ಕೆಪ್ಲರ್ ಕೊಟ್ಟ ಈ ನಿಯಮಕ್ಕೆ ಕಲ್ಲಿನ ತೂಕವೂ ಬೇಡ, ಗಾತ್ರವೂ ಬೇಡ, ನನಗೆ ಇವತ್ತಿಗೂ ಇದು ಬೆರಗು. ಅದೇ ಪಟ್ಟಿಯ ಅತಿ ದೊಡ್ಡ ಕಾಯ ಸೀರಿಸ್‌ಗೆ 2.77 ಹಾಕಿ ನೋಡಿ, 4.6 ವರ್ಷ ಬರಬೇಕು.

2867 ಅನ್ನುವ ನಂಬರ್ ಕಂಡುಹಿಡಿದ ಕ್ರಮದ್ದಲ್ಲ. ಕಕ್ಷೆ ಖಚಿತವಾದ ಮೇಲೆ ಕೊಡುವ ಸಂಖ್ಯೆ ಅದು. ಅದಕ್ಕೆ ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು, ಯಾಕೆಂದರೆ ಕೆಲವೇ ದಿನ ನೋಡಿದ ಕಲ್ಲು ಆಮೇಲೆ ಕೈತಪ್ಪಿ ಹೋಗಬಹುದು. ಸೀರಿಸ್‌ಗೇ ಹಾಗಾಯಿತು. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜಿ ಕಂಡರು, ಕೆಲವು ವಾರಕ್ಕೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು, ಜರ್ಮನಿಯ ಗಣಿತಜ್ಞ ಗೌಸ್ ಲೆಕ್ಕ ಹಾಕಿ ಇಂಥ ಕಡೆ ಹುಡುಕಿ ಅಂದ ಮೇಲೆ ವರ್ಷದ ಕೊನೆಗೆ ಮತ್ತೆ ಸಿಕ್ಕಿತು.

ಹೆಸರು ಕೊನೆಗೆ. ನಂಬರ್ ಸಿಕ್ಕ ಮೇಲೆ ಹೆಸರು ಸೂಚಿಸಲು ಕಂಡುಹಿಡಿದವರಿಗೆ ಹತ್ತು ವರ್ಷ ಅವಕಾಶ. 16 ಅಕ್ಷರ ಮೀರಬಾರದು. ರಾಜಕಾರಣಿ, ಸೇನಾನಿಗಳ ಹೆಸರಾದರೆ ಅವರು ತೀರಿಕೊಂಡು ನೂರು ವರ್ಷ ಆಗಿರಬೇಕು. ಒಪ್ಪುವುದು, ಬಿಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿಗೆ ಬಿಟ್ಟಿದ್ದು. ನಮ್ಮ ಕಲ್ಲಿಗೆ ಲಾಟ್ವಿಯಾದ ಖಗೋಳಜ್ಞ ಕಾರ್ಲಿಸ್ ಸ್ಟೈನ್ಸ್ ಅವರ ಹೆಸರು ಬಂದಿದ್ದು ಹೀಗೆ. ದುಡ್ಡು ಕೊಟ್ಟರೆ ನಿಮ್ಮ ಹೆಸರಿಡಿಸುತ್ತೇವೆ ಅಂತ ಯಾರಾದರೂ ಬಂದರೆ ನಂಬಬೇಡಿ, ಈ ಹೆಸರುಗಳು ಮಾರಾಟಕ್ಕಿಲ್ಲ.