ಐದು ರೂಪಾಯಿ ಕ್ಯಾನಿನ ಮೇಲೆ ನೀರಿನ ಘಟಕ ನಿಂತದ್ದು ಹೇಗೆ

ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ ಅನುದಾನಕ್ಕೆ ಕಾಯದೆ, ಕ್ಯಾನಿನ ದುಡ್ಡಿನಲ್ಲೇ ಆರ್‌ಒ ಶುದ್ಧ ನೀರಿನ ಘಟಕ ನಡೆಸುತ್ತೇವೆ ಎಂದಾಗ ಇದೇ ಕಸುಬಿನವರು ಆರು ತಿಂಗಳೂ ಬಾಳದು ಎಂದಿದ್ದರು. ಈಗ ಒಂಬತ್ತು ಘಟಕ ಓಡುತ್ತಿವೆ. ಮೊದಲನೆಯದಕ್ಕೆ ಆರು ವರ್ಷ ತುಂಬಿತು, ಅದರಲ್ಲಿರುವ ಎರಡನೇ ಸೆಟ್ ಮೆಂಬ್ರೇನ್ (ನೀರಿನ ಉಪ್ಪು ತಡೆಯುವ ಪೊರೆಯ ಸುರುಳಿ) ಮೂರು ವರ್ಷ ದಾಟಿಯೂ ಗಟ್ಟಿಯಾಗಿದೆ.

ಎಲ್ಲವೂ 1000 ಎಲ್‌ಪಿಎಚ್, ಅಂದರೆ ಗಂಟೆಗೆ 1000 ಲೀಟರ್ ಕೊಡುವ ಘಟಕಗಳೇ: ನಾಲ್ಕು 4040 (ನಾಲ್ಕಿಂಚು ದಪ್ಪ, ನಲವತ್ತಿಂಚು ಉದ್ದದ) ಮೆಂಬ್ರೇನ್, 1 ಎಚ್‌ಪಿ ಫೀಡ್ ಪಂಪು, 2 ಎಚ್‌ಪಿ ಹೈ ಪ್ರೆಶರ್ ಪಂಪು. ಬೋರಿನ ನೀರು ಸುಮಾರು 1400 ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಲವಣ, ಮಿ.ಗ್ರಾಂ ಲೆಕ್ಕದಲ್ಲಿ), ಗಡಸುತನ 600ರ ಆಸುಪಾಸು, ಫ್ಲೋರೈಡ್ ಲೀಟರಿಗೆ 3 ಮಿ.ಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ 1ರೊಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ. ನಮ್ಮ ನಲ್ಲಿಯಲ್ಲಿ 0.4 ದಾಟುವುದಿಲ್ಲ.

ಮೊದಲ ಎರಡು ಘಟಕಗಳಲ್ಲಿ ಕೈ ಸುಟ್ಟುಕೊಂಡಿದ್ದು ನೀರು ಉಳಿಸುವ ಆಸೆಯಿಂದ. ಬರದ ಸೀಮೆ, ಅರ್ಧ ನೀರು ರಿಜೆಕ್ಟಿಗೆ, ಅಂದರೆ ಉಪ್ಪು ಹೊತ್ತು ಹೊರಬೀಳುವ ನೀರಿಗೆ, ಹೋಗುವುದನ್ನು ನೋಡಲಾಗದೆ ರಿಜೆಕ್ಟ್ ವಾಲ್ವ್ ಬಿಗಿದು ರಿಕವರಿಯನ್ನು (ಒಳಹೋದ ನೀರಿನಲ್ಲಿ ಶುದ್ಧವಾಗಿ ಸಿಗುವ ಪಾಲು) ಶೇ. 70ಕ್ಕೆ ಏರಿಸಿದ್ದೆವು. ಶೇ. 50ರಲ್ಲಿ ಗಡಸುತನ ಒಳಗೆ ದುಪ್ಪಟ್ಟಾಗುತ್ತದೆ, 70ರಲ್ಲಿ ಮೂರೂಕಾಲು ಪಟ್ಟಿಗೂ ತುಸು ಹೆಚ್ಚು. 600 ಇದ್ದದ್ದು 2000. ನಾಲ್ಕೇ ತಿಂಗಳಲ್ಲಿ ಗಂಟೆಗೆ 1000 ಲೀಟರ್ 550ಕ್ಕೆ ಇಳಿಯಿತು, ಒತ್ತಡ ಚದರ ಸೆಂ.ಮೀ.ಗೆ 11 ಕೆಜಿಯಿಂದ 15ಕ್ಕೆ ಏರಿತು. ಕೊನೆಯ ಮೆಂಬ್ರೇನ್ ಬಿಚ್ಚಿ ನೀರು ಬಸಿದು ತಕ್ಕಡಿಗೆ ಇಟ್ಟಾಗ ಏಳು ಕೆಜಿ ತೂಗಿತು. ಹೊಸದು ನಾಲ್ಕರ ಹತ್ತಿರ ತೂಗುತ್ತದೆ. ಬಾಯಿಯ ಜಾಲರಿಯನ್ನು ಉಗುರಿನಲ್ಲಿ ಕೆರೆದರೆ ಬಿಳಿ ಹಳುಕು ಉದುರುತ್ತಿತ್ತು, ಅದರ ಮೇಲೆ ನಿಂಬೆರಸ ಹಿಂಡಿದರೆ ನೊರೆ. ಸುಣ್ಣವೇ. ನಾಲ್ಕು ಮೆಂಬ್ರೇನಿಗೆ ಆಗ 48,000 ಚಿಲ್ಲರೆ ಕೊಟ್ಟೆವು. ಉಳಿಸಿದ ನೀರಿಗೆ ಲೆಕ್ಕ ಹಾಕಿದರೆ ಟ್ಯಾಂಕರ್ ನೀರಿಗಿಂತ ದುಬಾರಿ ಬಿತ್ತು.

ಅಂದಿನಿಂದ ಶೇ. 50ಕ್ಕಿಂತ ಮೇಲೆ ಹೋಗಿಲ್ಲ. ರಿಜೆಕ್ಟ್ ವಾಲ್ವಿನ ಹಿಡಿಕೆಯನ್ನು ಬಿಚ್ಚಿ ಇಟ್ಟುಕೊಂಡಿದ್ದೇವೆ, ಊರಲ್ಲಿ ಯಾರೂ ತಿರುಗಿಸುವ ಹಾಗಿಲ್ಲ.

ಆಂಟಿಸ್ಕೇಲೆಂಟ್, ಅಂದರೆ ಸುಣ್ಣ ಕಟ್ಟದಂತೆ ತಡೆಯುವ ಮದ್ದು, ಒಳಹೋಗುವ ನೀರಿನ ಲೀಟರಿಗೆ 4 ಮಿ.ಗ್ರಾಂ. 50 ಲೀಟರ್ ಪ್ರಾಡಕ್ಟ್ ನೀರಿಗೆ (ಘಟಕದಿಂದ ಬಂದ ಶುದ್ಧ ನೀರು) 1 ಲೀಟರ್ ಮದ್ದು ಕಲಸಿ, ಡೋಸಿಂಗ್ ಪಂಪನ್ನು ಗಂಟೆಗೆ 400 ಮಿ.ಲೀ.ಗೆ ಇಡಿ. ಕಲಸಲು ಬೋರಿನ ನೀರು ಬಳಸಬೇಡಿ. ಡೋಸಿಂಗ್ ಟ್ಯಾಂಕ್ ಖಾಲಿಯಾದರೂ ಘಟಕ ಓಡುತ್ತಲೇ ಇರುವುದು ದೊಡ್ಡ ಅಪಾಯ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಟ್ಯಾಂಕಿನೊಳಗೆ ಫ್ಲೋಟ್ ಸ್ವಿಚ್ ಹಾಕಿ ಹೈ ಪ್ರೆಶರ್ ಪಂಪಿಗೆ ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರ್ ಕಾಯಿಲಿಗೆ ಸೇರಿಸಿದೆವು. ಮದ್ದು ಮುಗಿದರೆ ಪಂಪು ನಿಲ್ಲುತ್ತದೆ, ಫೋನ್ ಬರುತ್ತದೆ. ಖರ್ಚು ಮುನ್ನೂರು ರೂಪಾಯಿ. ಏಪ್ರಿಲ್‌ನಲ್ಲಿ ಬೋರಿನ ಮಟ್ಟ ಕುಸಿದು ಟಿಡಿಎಸ್ ಜಿಗಿದಾಗ ಡೋಸನ್ನೂ ಒತ್ತಡವನ್ನೂ ಯಾವ ಕ್ರಮದಲ್ಲಿ ಬದಲಿಸುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಅನ್ನ ಅದರಲ್ಲಿದೆ.

ಇನ್ನೊಂದು, ಪ್ರಾಡಕ್ಟ್ ಫ್ಲಶ್, ಅಂದರೆ ಶುದ್ಧ ನೀರಿನಲ್ಲೇ ಮೆಂಬ್ರೇನ್ ತೊಳೆಯುವುದು. ಕರೆಂಟ್ ಹೋದ ಕ್ಷಣ ಮೆಂಬ್ರೇನಿನೊಳಗೆ 2700 ಟಿಡಿಎಸ್‌ನ ನೀರು ನಿಂತುಬಿಡುತ್ತದೆ, ರಾತ್ರಿಯಿಡೀ ಅಲ್ಲೇ ಸುಣ್ಣ ಕಟ್ಟುತ್ತದೆ. ತ್ರೀ ಫೇಸ್ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಊರಿನಲ್ಲಿ ಇದೇ ಮುಖ್ಯ ಶತ್ರು. ಛಾವಣಿ ಮೇಲೆ 200 ಲೀಟರ್ ಡ್ರಮ್ಮಿನಲ್ಲಿ ಶುದ್ಧ ನೀರಿಟ್ಟು, ಕರೆಂಟ್ ಹೋದಾಗ ತಾನಾಗಿ ತೆರೆದುಕೊಳ್ಳುವ ಸೊಲೆನಾಯ್ಡ್ ವಾಲ್ವ್ ಮೂಲಕ ಇಳಿಸುತ್ತೇವೆ. ಪಂಪು ಬೇಡ. 100 ಲೀಟರ್ ಹರಿದರೆ ಸಾಕು. ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕದೆ ಮೋಟಾರ್ ಸುಟ್ಟುಕೊಂಡರೆ ಅದು ನಿಮ್ಮದೇ ತಪ್ಪು.

ಪ್ರಾಡಕ್ಟ್ ನೀರಿನ ಟಿಡಿಎಸ್ 40ರಿಂದ ಮೆಲ್ಲಗೆ 150ಕ್ಕೆ ಏರಿ, ಒತ್ತಡ ಮಾತ್ರ ಹಾಗೇ ಇದ್ದರೆ ಸುಣ್ಣವನ್ನು ಹುಡುಕಬೇಡಿ, ಕ್ಲೋರಿನ್ ಹುಡುಕಿ. ನೀರುಗಂಟಿ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿದಿರುತ್ತಾನೆ, ಕ್ಲೋರಿನ್ ತಡೆಯಬೇಕಾದ ಕಾರ್ಬನ್ ಫಿಲ್ಟರ್ ಮುಗಿದಿರುತ್ತದೆ, ಮೆಂಬ್ರೇನ್ ಸುಟ್ಟಿರುತ್ತದೆ. ಅದನ್ನು ಯಾವ ಆಸಿಡ್ಡೂ ಉಳಿಸುವುದಿಲ್ಲ. ಘಟಕಕ್ಕೆ ನೇರ ಬೋರಿನ ಲೈನ್ ಎಳೆಸಿಕೊಳ್ಳಿ.

40 ಟಿಡಿಎಸ್ ನೀರು ಚಪ್ಪೆ. "ಮಳೆ ನೀರಿನ ಥರ ಐತೆ" ಎಂದು ಜನ ಮುಖ ತಿರುಗಿಸಿದ್ದರು. ಶೇ. 5ರಷ್ಟು ಬೋರಿನ ನೀರನ್ನು ಬೆರೆಸಿದರೆ 108ಕ್ಕೆ ಬರುತ್ತದೆ, ಫ್ಲೋರೈಡ್ ಏರುವುದು 0.15 ಅಷ್ಟೇ. ಆದರೆ ಬೆರೆಸುವುದು ಮರಳು, ಕಾರ್ಬನ್ ದಾಟಿದ ನೀರನ್ನು, ಅದೂ ಕ್ರಿಮಿ ಕೊಲ್ಲುವ ಯುವಿ ದೀಪಕ್ಕೆ ಮುಂಚೆ. ದೀಪದ ಆಚೆ ಬೆರೆಸಿದವರ ಘಟಕದಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಬಂದದ್ದನ್ನು ಕಂಡಿದ್ದೇವೆ.

ಮಾರಾಟಕ್ಕೆ ನೆರವಾಗಿದ್ದು ಫ್ಲೋರೈಡ್ ಭಾಷಣ ಅಲ್ಲ. ಕಂದು ಹಲ್ಲು, ಬಾಗಿದ ಕಾಲು ತೋರಿಸಿದರೂ ಕ್ಯಾನು ಏರಲಿಲ್ಲ. ತೊಗರಿಬೇಳೆ ಈ ನೀರಿನಲ್ಲಿ ಎರಡು ವಿಷಲ್ಲಿಗೆ ಬೇಯುತ್ತದೆ ಎಂದು ಹೆಂಗಸರು ಕಂಡುಕೊಂಡ ಮೇಲೆ ದಿನಕ್ಕೆ 60 ಕ್ಯಾನು ಇದ್ದದ್ದು 150 ಆಯಿತು.

150 ಕ್ಯಾನು, ಐದು ರೂಪಾಯಿಯಂತೆ, ತಿಂಗಳಿಗೆ 22,500. ಕ್ಯಾನಿಗೆ ಒಂದೂವರೆ ರೂಪಾಯಿ ನೋಡಿಕೊಳ್ಳುವವರಿಗೆ, ಅಂದರೆ 6,750. ಕರೆಂಟ್ 2,700, ಪಂಚಾಯಿತಿ ಬಾಡಿಗೆ 1,000, ಮೆಕ್ಯಾನಿಕ್ ಮತ್ತು ಗಾಡಿ 3,000, ಕಾರ್ಟ್ರಿಡ್ಜ್, ಮದ್ದು, ಪರೀಕ್ಷೆ ಸೇರಿ 1,300. ಮೆಂಬ್ರೇನಿಗೆ 1,800, ಪಂಪು ರಿಪೇರಿಗೆ 1,500 ಬೇರೆ ಖಾತೆಗೆ. ಉಳಿಯುವುದು ನಾಲ್ಕು ಸಾವಿರದ ಚಿಲ್ಲರೆ. ಕ್ಯಾನಿಗೆ ಎರಡು ರೂಪಾಯಿ ಇದ್ದರೆ ಬರುವುದೇ 9,000, ಲೆಕ್ಕ ಅಲ್ಲೇ ಮುಗಿಯುತ್ತದೆ. ಬೇರೆ ಖಾತೆಯ ಹಣ ಮುಟ್ಟಿದವರ ಘಟಕಗಳೇ ಬೀಗ ಹಾಕಿಕೊಂಡು ನಿಂತಿರುವುದು. ನೋಡಿಕೊಳ್ಳುವವರಿಗೆ ತಿಂಗಳ ಸಂಬಳ ಕೊಟ್ಟಷ್ಟು ದಿನ ಬಾಗಿಲು ಎಂಟಕ್ಕೆ ತೆರೆಯುತ್ತಿತ್ತು. ಸ್ತ್ರೀಶಕ್ತಿ ಸಂಘದವರಿಗೆ ಕ್ಯಾನಿನ ಲೆಕ್ಕದಲ್ಲಿ ಕೊಟ್ಟ ಮೇಲೆ ಐದೂವರೆಗೇ ತೆರೆಯುತ್ತದೆ, ಹೊಲಕ್ಕೆ ಹೋಗುವವರು ಆ ಹೊತ್ತಿಗೇ ಬರುವುದು.

ಕಾಯಿನ್ ಬಾಕ್ಸ್ ತೆಗೆದುಹಾಕಿ. ಐದರ ಹಳೆ ದಪ್ಪ ನಾಣ್ಯಕ್ಕೆ ಹೊಂದಿಸಿದರೆ ಹೊಸ ಹಳದಿ ನಾಣ್ಯ ಹಿಡಿಯುವುದಿಲ್ಲ, ವಾಷರ್ ಬೀಳುತ್ತದೆ, ದಾರ ಕಟ್ಟಿದ ನಾಣ್ಯವೂ ಬರುತ್ತದೆ. ರೀಚಾರ್ಜ್ ಕಾರ್ಡ್‌ಗೆ ಬದಲಿಸಿದ ತಿಂಗಳೇ ಮೀಟರಿನ ಲೀಟರಿಗೂ ಕೈಗೆ ಬಂದ ಹಣಕ್ಕೂ ಇದ್ದ ಶೇ. 15ರ ವ್ಯತ್ಯಾಸ ಎರಡಕ್ಕೆ ಇಳಿಯಿತು.

ನಡುವೆ ಒಂದು ಊರಲ್ಲಿ ಆರ್‌ಒ ಬಿಟ್ಟು ಫ್ಲೋರೈಡ್ ಹೀರುವ ಕಾಳು, ಆಕ್ಟಿವೇಟೆಡ್ ಅಲ್ಯೂಮಿನಾ ಪ್ರಯತ್ನಿಸಿದೆವು. ರಿಜೆಕ್ಟ್ ಇಲ್ಲ, ಕರೆಂಟ್ ಕಡಿಮೆ. ಆದರೆ ಅದು ಚೆನ್ನಾಗಿ ಹೀರುವುದು ಪಿಎಚ್ 5.5ರ ಹತ್ತಿರ, ನಮ್ಮ ಬೋರು 7.8. ಮೂರು ವಾರಕ್ಕೊಮ್ಮೆ ಕಾಸ್ಟಿಕ್ ಸೋಡಾ ಹಾಕಿ ತೊಳೆದು, ಆಸಿಡ್ ಹಾಕಿ ಸರಿಪಡಿಸಬೇಕು. ತೊಳೆದ ಫ್ಲೋರೈಡ್ ನೀರನ್ನು ಎಲ್ಲಿ ಚೆಲ್ಲುವುದು? ಕೈಬಿಟ್ಟೆವು. ಬೇಳೆಯೂ ಬೇಯಲಿಲ್ಲ, ಗಡಸುತನ ಹಾಗೇ ಉಳಿದಿತ್ತಲ್ಲ.

ದಿನಕ್ಕೆ 3000 ಲೀಟರ್ ರಿಜೆಕ್ಟ್. ಎಲ್ಲ ಊರಲ್ಲೂ ಮೊದಲು ಬರುವ ಸಲಹೆ ದನದ ತೊಟ್ಟಿಗೆ ಬಿಡಿ ಎಂದು. ಬಿಡಬೇಡಿ. ಅದರಲ್ಲಿ ಫ್ಲೋರೈಡ್ 6ರ ಹತ್ತಿರ ಇರುತ್ತದೆ, ದನಗಳ ಹಲ್ಲು, ಮೂಳೆಯೂ ಹಾಳಾಗುತ್ತವೆ. ಬಾಳೆಗೆ ಬಿಟ್ಟು ನೋಡಿದೆವು, ಎರಡು ತಿಂಗಳಲ್ಲಿ ಎಲೆಯಂಚು ಸುಟ್ಟಿತು. ತೆಂಗು ಈವರೆಗೆ ತಡೆದುಕೊಂಡಿದೆ. ಈಗ ಐದು ಊರುಗಳಲ್ಲಿ ಒಂದಿಂಚಿನ ಪೈಪ್ ಎಳೆದು ಶಾಲೆಯ ಶೌಚಾಲಯದ ಸಿಂಟೆಕ್ಸಿಗೆ ಕೊಟ್ಟಿದ್ದೇವೆ. ನೀರಿಲ್ಲದೆ ಬೀಗ ಬಿದ್ದಿದ್ದ ಹೆಣ್ಣುಮಕ್ಕಳ ಶೌಚಾಲಯಗಳು ತೆರೆದಿವೆ. ಫ್ಲಶ್ ಟ್ಯಾಂಕಿನ ಫ್ಲೋಟ್ ವಾಲ್ವ್ ಸುಣ್ಣ ಹಿಡಿದು ಮೂರು ತಿಂಗಳಿಗೊಮ್ಮೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಫ್ಲಶ್ ಟ್ಯಾಂಕ್ ಬಿಟ್ಟು ನಲ್ಲಿ, ಬಕೆಟ್ಟು, ಮಗ್ಗು ಇಟ್ಟಿದ್ದೇವೆ. ಪೈಪಿನ ಮೇಲೆ ಕೆಂಪು ಬಣ್ಣದಲ್ಲಿ "ಕುಡಿಯಬೇಡಿ" ಎಂದು ಬರೆಸುವುದನ್ನು ಮರೆಯಬೇಡಿ.