ಹೊಸಬರಿಗೆ ಮಾರ್ಗದರ್ಶಿ: ಮಿಕ್ಸಿಯನ್ನು ಮೊದಲು ಬೋರಲು ಹಾಕಿ ನೋಡಿ

ಅಮೆರಿಕಕ್ಕೆ ಹೊಸದಾಗಿ ಬಂದ ಮನೆಯವರು ಇಲ್ಲಿನ ಕನ್ನಡ ಸಂಘದವರನ್ನು ಕೇಳುವ ಪ್ರಶ್ನೆಗಳಲ್ಲಿ ಎರಡು ತಪ್ಪುವುದೇ ಇಲ್ಲ. "ಊರಿಂದ ಮಿಕ್ಸಿ ತರಬೇಕಾ?" "ಚೈನಾ ಮಾಲು ಬಾಳಿಕೆ ಬರುತ್ತಾ?" ಎರಡಕ್ಕೂ ಉತ್ತರ ಇರುವುದು ಡಬ್ಬದ ಮೇಲಿನ ಬಣ್ಣದ ಚಿತ್ರದಲ್ಲಲ್ಲ, ಉಪಕರಣದ ತಳಕ್ಕೆ ಅಂಟಿಸಿರುವ ಸಣ್ಣ ಚೀಟಿಯಲ್ಲಿ. ಬಾಡಿಗೆ ಮನೆಯಲ್ಲಿ ಒಲೆ, ಫ್ರಿಜ್ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಮಿಕ್ಸಿ, ಗ್ರೈಂಡರ್ ಮತ್ತು ಕುಕ್ಕರಿನ ಬಗ್ಗೆ.

ದೇಶದ ಮಾತು ಮೊದಲು ಮುಗಿಸೋಣ. ಹೆಸರು ಒಂದು ದೇಶದ್ದು, ಕಾರ್ಖಾನೆ ಇನ್ನೊಂದು ದೇಶದ್ದು, ಯಜಮಾನರು ಮೂರನೆಯವರು, ಇದು ಈಗ ಮಾಮೂಲು. ಜಿಇ ಹೆಸರಿನ ಗೃಹೋಪಕರಣಗಳ ವಿಭಾಗ 2016ರಿಂದ ಚೀನಾದ ಹಾಯರ್ ಕೈಯಲ್ಲಿದೆ, ಆದರೆ ಅದರ ದೊಡ್ಡ ಕಾರ್ಖಾನೆ ಇರುವುದು ಕೆಂಟಕಿಯ ಲೂಯಿವಿಲ್‌ನಲ್ಲಿ. ಕೊರಿಯಾದ ಎಲ್‌ಜಿ ಕಂಪನಿ ಟೆನೆಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ ವಾಷಿಂಗ್ ಮಷೀನು ಮಾಡುತ್ತದೆ. ಜಪಾನಿನ ಜೋಜಿರುಶಿ ರೈಸ್ ಕುಕ್ಕರುಗಳಲ್ಲಿ ಕೆಲವು ಮಾದರಿ ಜಪಾನಿನವು, ಕೆಲವು ಚೀನಾದವು. 'ಮೇಡ್ ಇನ್ ಯುಎಸ್‌ಎ' ಎಂದು ಬರೆಯಬೇಕಾದರೆ ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮದಂತೆ ಬಹುತೇಕ ಎಲ್ಲ ಭಾಗಗಳೂ ಕೆಲಸವೂ ಇಲ್ಲಿನದೇ ಆಗಿರಬೇಕು. 'ಅಸೆಂಬಲ್ಡ್' ಎಂದಿದ್ದರೆ ಬಿಡಿಭಾಗ ಹೊರಗಿನದು, ಜೋಡಣೆ ಇಲ್ಲಿನದು. ದೇಶದ ಹೆಸರು ಹಾಕಿಸುವುದು ಸುಂಕದ ಕಾನೂನು. ಮೋಟಾರಿನೊಳಗೆ ಸುತ್ತಿದ ತಂತಿ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ, ಎರಡು ವರ್ಷದ ಮೇಲೆ ಜಾರು ಸಿಗುತ್ತದೋ ಇಲ್ಲವೋ ಅದು ಹೇಳುವುದಿಲ್ಲ.

ಈಗ ಚೀಟಿ ಓದಿ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಇಲ್ಲಿ 120 ವೋಲ್ಟ್, 60 ಹರ್ಟ್ಸ್. ಹರ್ಟ್ಸ್ ಎಂದರೆ ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಎನ್ನುವ ಲೆಕ್ಕ. ಎರಡೂ ಅಂಕಿ ಮುಖ್ಯ. ಪಿನ್ ಬದಲಿಸುವ ಅಡಾಪ್ಟರಿನಿಂದ ವೋಲ್ಟೇಜ್ ಬದಲಾಗುವುದಿಲ್ಲ. ಊರಿನ 1500 ವಾಟ್ ಕೆಟಲ್ ಇಲ್ಲಿ ಸಿಕ್ಕಿಸಿದರೆ ಕೊಡುವುದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 400 ವಾಟ್. ಕಾಫಿಗೆ ನೀರು ಕಾಯುವಷ್ಟರಲ್ಲಿ ಆಫೀಸಿನ ಹೊತ್ತಾಗುತ್ತದೆ. ಊರಿನ ಮಿಕ್ಸಿ ತಿರುಗುತ್ತದೆ, ಆದರೆ ಕಾಯಿ ಹಾಕಿದೊಡನೆ ನಿಂತು ಗೊರಗೊರ ಅನ್ನುತ್ತದೆ, ನಿಂತ ಮೋಟಾರು ಕಾದು ಸುಡುತ್ತದೆ. ಹಾಗಾದರೆ ವೋಲ್ಟೇಜ್ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್? 750 ವಾಟ್ ಮಿಕ್ಸಿಗೆ ಕನಿಷ್ಠ 1500 ವಾಟಿನದು ಬೇಕು, ಏಕೆಂದರೆ ಶುರುವಾಗುವ ಕ್ಷಣದಲ್ಲಿ ಮೋಟಾರು ಎರಡು ಮೂರು ಪಟ್ಟು ಕರೆಂಟು ಎಳೆಯುತ್ತದೆ. ಅದು ಇಟ್ಟಿಗೆಯಂಥ ಭಾರದ ಪೆಟ್ಟಿಗೆ, ಅಡುಗೆಕಟ್ಟೆಯ ಅರ್ಧ ಜಾಗ ಅದಕ್ಕೇ. ಪ್ರವಾಸಕ್ಕೆಂದು ಮಾರುವ ಹಗುರ ಕನ್ವರ್ಟರನ್ನಂತೂ ಮೋಟಾರಿಗೆ ಹಾಕಲೇಬೇಡಿ.

ಟ್ರಾನ್ಸ್‌ಫಾರ್ಮರ್ ಹರ್ಟ್ಸನ್ನು ಬದಲಿಸುವುದಿಲ್ಲ ಎನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮಿಕ್ಸಿಯದು ಕಾರ್ಬನ್ ಬ್ರಷ್ ಇರುವ ಮೋಟಾರು, ಅದಕ್ಕೆ 50 ಆದರೂ 60 ಆದರೂ ನಡೆಯುತ್ತದೆ. ವೆಟ್ ಗ್ರೈಂಡರಿನದು ಇಂಡಕ್ಷನ್ ಮೋಟಾರು, ಅದರ ವೇಗ ನಿಂತಿರುವುದೇ ಹರ್ಟ್ಸ್ ಮೇಲೆ. ಊರಿನ ಗ್ರೈಂಡರ್ ಇಲ್ಲಿ ಐದರಲ್ಲೊಂದು ಪಾಲು ಹೆಚ್ಚು ವೇಗವಾಗಿ ಓಡುತ್ತದೆ, ಹಿಟ್ಟು ಗೋಡೆಗೆ ಎರಚುತ್ತದೆ. ಗ್ರೈಂಡರನ್ನು ಊರಿಂದ ಹೊರಬೇಡಿ.

ಹಾಗೆಂದು ಇಲ್ಲಿನ ಬ್ಲೆಂಡರ್ ನಮ್ಮ ಮಿಕ್ಸಿಗೆ ಸಮನಲ್ಲ. ಅದರ ದೊಡ್ಡ ಜಾರು ಸ್ಮೂದಿಗೆ ಮಾಡಿದ್ದು. ಇಬ್ಬರಿಗಾಗುವಷ್ಟು ಚಟ್ನಿ ಹಾಕಿದರೆ ಕಾಯಿತುರಿ ಗೋಡೆಗೆ ಅಂಟಿಕೊಂಡು ಬ್ಲೇಡು ಗಾಳಿಯನ್ನು ತಿರುಗಿಸುತ್ತಿರುತ್ತದೆ. ಹುಳಿಗೆ ಮಸಾಲೆ ನುಣ್ಣಗೆ ಆಗಬೇಕೆಂದರೆ ಭಾರತದಲ್ಲಿ ತಯಾರಾದ, ಆದರೆ ಉತ್ತರ ಅಮೆರಿಕಕ್ಕೆಂದೇ ಮಾಡಿದ 110 ವೋಲ್ಟ್ (ಇಲ್ಲಿನ 120ಕ್ಕೆ ಹೊಂದುವಂಥದ್ದೇ), 60 ಹರ್ಟ್ಸ್ ಮಾದರಿ ಇಲ್ಲೇ ಕೊಳ್ಳಿ. ದೇಸಿ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಊರಿಗಿಂತ ದುಬಾರಿ, ನಿಜ. ಇಲ್ಲಿನ ವಾರಂಟಿಯೂ ಅದಕ್ಕೇ ಬರುತ್ತದೆ.

ಚೀಟಿಯಲ್ಲಿ ಇನ್ನೊಂದು ಹುಡುಕಿ: ಯುಎಲ್, ಇಟಿಎಲ್ ಅಥವಾ ಸಿಎಸ್‌ಎ ಗುರುತು. ಹೊರಗಿನ ಪ್ರಯೋಗಾಲಯ ಪರೀಕ್ಷಿಸಿದೆ ಎಂದು ಅದರ ಅರ್ಥ. ಸಿಇ ಎನ್ನುವುದು ಯುರೋಪಿನ ಗುರುತು; ಇಂಥ ಅಡುಗೆಮನೆ ಸಾಮಾನಿನ ಮೇಲೆ ಅದನ್ನು ಹಾಕಿಕೊಳ್ಳುವವರು ತಯಾರಕರೇ. ನಮ್ಮ ಐಎಸ್‌ಐ ಒಳ್ಳೆಯ ಗುರುತೇ, ಆದರೆ ಇಲ್ಲಿನ ಕರೆಂಟಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಹೆಸರೇ ಕೇಳಿರದ ಅಗ್ಗದ ಮಾಲಿನ ಮೇಲೆ ಗುರುತಿದ್ದರೂ ಪಕ್ಕದ ಫೈಲ್ ನಂಬರನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ ನೋಡಿ.

ಮಿಕ್ಸಿ ಕೈಕೊಡುವುದು ಹೆಚ್ಚಾಗಿ ಮೂರು ಕಡೆ. ಒಂದು, ಓವರ್‌ಲೋಡ್. ಇಲ್ಲಿ ತೆಂಗಿನತುರಿ ಫ್ರೀಜರಿನಿಂದ ಕಲ್ಲಿನಂತೆ ಬರುತ್ತದೆ, ಅದನ್ನು ಹಾಗೇ ಹಾಕಿದರೆ ಮೋಟಾರು ಕಟ್ ಆಗುತ್ತದೆ. ಪ್ಲಗ್ ತೆಗೆದು, ಜಾರು ಖಾಲಿ ಮಾಡಿ, ಕಾಲು ಗಂಟೆ ತಣಿಯಲು ಬಿಟ್ಟು ತಳದ ಕೆಂಪು ಗುಂಡಿ ಒತ್ತಿ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಮಿಕ್ಸಿಯನ್ನು ಕಸಕ್ಕೆ ಹಾಕಿದವರಿದ್ದಾರೆ. ಎರಡು, ಕಪ್ಲರ್, ಅಂದರೆ ಮೋಟಾರನ್ನು ಜಾರಿನ ಬ್ಲೇಡಿಗೆ ಜೋಡಿಸುವ ಹಲ್ಲಿನ ಬಿಲ್ಲೆ. ಮೋಟಾರು ಓಡುವ ಸದ್ದು ಬರುತ್ತದೆ, ಬ್ಲೇಡು ತಿರುಗುವುದಿಲ್ಲ ಎಂದರೆ ಅದರ ಹಲ್ಲು ಸವೆದಿದೆ. ಪ್ಲಗ್ ತೆಗೆದು, ತಳದ ರಂಧ್ರದಿಂದ ಶಾಫ್ಟನ್ನು ಸ್ಕ್ರೂಡ್ರೈವರಿನಲ್ಲಿ ಹಿಡಿದು, ಮೋಟಾರು ತಿರುಗುವ ದಿಕ್ಕಿಗೇ ಕಪ್ಲರನ್ನು ತಿರುಗಿಸಿ, ಬಿಚ್ಚಿಕೊಳ್ಳುತ್ತದೆ. ಉಲ್ಟಾ ತಿರುಗಿಸಿದರೆ ಬಿಗಿಯುತ್ತದೆ. ಮೂರು, ಜಾರಿನ ತಳದ ಬುಷ್, ಅಂದರೆ ಬ್ಲೇಡಿನ ಕಡ್ಡಿಯನ್ನು ಹಿಡಿದಿರುವ ಬಳೆ. ಅಲ್ಲಿಂದ ನೀರು ಒಸರಿದರೆ ಅದು ಮೋಟಾರಿಗೇ ಇಳಿಯುತ್ತದೆ, ತಡ ಮಾಡಬೇಡಿ. ಈ ಮೂರರ ಬಿಡಿಭಾಗವೂ ಇಲ್ಲಿ ಸಿಗುವ ಮಾದರಿಯೇ ಒಳ್ಳೆಯ ಮಾದರಿ, ಅದು ಯಾವ ದೇಶದ್ದಾದರೂ ಆಗಲಿ.

ಕುಕ್ಕರಿಗೆ ಕರೆಂಟಿನ ಗೊಡವೆ ಇಲ್ಲ, ಊರಿಂದ ತರಬಹುದು. ಎರಡು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಅದರೊಳಗೇ ಇಟ್ಟು ತನ್ನಿ. ಒಲೆ ಇಂಡಕ್ಷನ್ ಆಗಿದ್ದರೆ ಬರೀ ಅಲ್ಯೂಮಿನಿಯಮ್ ಕುಕ್ಕರ್ ಕಾಯುವುದಿಲ್ಲ. ತಳಕ್ಕೆ ಫ್ರಿಜ್ಜಿನ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಬೇಕು. ಕಾಯಿಲ್ ಒಲೆ, ಗಾಜಿನ ಒಲೆಗಳು ಆರಿಸಿದ ಮೇಲೂ ಕಾದಿರುತ್ತವೆ, ವಿಷಲ್ ನಿಲ್ಲುವುದಿಲ್ಲ. ಒಂದು ವಿಷಲ್ ಮೊದಲೇ ಆರಿಸಿ, ಇಲ್ಲವೇ ಕುಕ್ಕರನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ. ಇನ್‌ಸ್ಟೆಂಟ್ ಪಾಟ್‌ನಂಥ ಎಲೆಕ್ಟ್ರಿಕ್ ಕುಕ್ಕರಿನ ಒತ್ತಡ 10ರಿಂದ 12 ಪಿಎಸ್‌ಐ, ನಮ್ಮದು 15ರ ಹತ್ತಿರ. ಅದಕ್ಕೇ ತೊಗರಿಬೇಳೆಗೆ ಊರಿನ ಲೆಕ್ಕಕ್ಕಿಂತ ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ. ರೈಸ್ ಕುಕ್ಕರಿನ ಜೊತೆ ಬರುವ ಅಳತೆ ಲೋಟ 180 ಮಿಲಿಯದು, ಇಲ್ಲಿನ ಕಪ್ 240. ಲೋಟ ಕಳೆದುಕೊಂಡು ಕಪ್ಪಿನಲ್ಲಿ ಅಕ್ಕಿ ಅಳೆದು, ಪಾತ್ರೆಯ ಗೀಟಿನವರೆಗೆ ನೀರು ಹಾಕಿದರೆ ಅನ್ನ ಗಟ್ಟಿ.

ಊರಿಗೆ ವಾಪಸಾಗುವ ಕುಟುಂಬದವರು 110 ವೋಲ್ಟ್ ಗ್ರೈಂಡರ್, ಮಿಕ್ಸಿಗಳನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಅಲ್ಲಿ 230ಕ್ಕೆ ನೇರ ಸಿಕ್ಕಿಸಿದರೆ ಅವು ಸುಟ್ಟುಹೋಗುತ್ತವೆ. ಕೊಳ್ಳುವ ಮುನ್ನ ಚೀಟಿ ಓದಿ. ಮಿಕ್ಸಿ ಜಾರಿಗೆ ಅರ್ಧ ನೀರು ತುಂಬಿ ಹತ್ತು ನಿಮಿಷ ಪೇಪರಿನ ಮೇಲಿಡಿ, ಒದ್ದೆಯಾಯಿತೋ ನೋಡಿ. ಗ್ರೈಂಡರಿಗೆ ಒಂದು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸಿ. ಬರಿದಾಗಿ ಓಡಿಸಿದರೆ ಕಲ್ಲಿಗೆ ಕಲ್ಲು ಉಜ್ಜಿ ಪುಡಿ ಏಳುತ್ತದೆ. ರಬ್ಬರು ಸುಟ್ಟ ವಾಸನೆ ಬಂದರೆ ಬೆಲ್ಟು ಜಾರುತ್ತಿದೆ, ಬೆಲ್ಟಿನ ದುಡ್ಡು ಕಳೆದು ಚೌಕಾಸಿ ಮಾಡಿ.